ದಾನಿಯೇಲನಿಲ್ಲದ ನ್ಯಾಯಸಭೆ: ‘ಸುಸಾನಾ’ ಆಪೆರಾ ಮತ್ತು ವಿಶ್ವವಿದ್ಯಾನಿಲಯದ ರಂಗಭೂಮಿ

ವಿಶ್ವವಿದ್ಯಾನಿಲಯದ ಸಂಗೀತಶಾಲೆಯೊಂದು ತನ್ನ ಕಾಲದ ಹೊಸ ಆಪೆರಾವನ್ನು ರಂಗಕ್ಕೆ ತರುವುದರಿಂದ ಆಗುವ ಪ್ರಯೋಜನವೇನು? ವಿದ್ಯಾರ್ಥಿಗಳಿಗೆ ಅಭ್ಯಾಸ ದೊರೆಯುತ್ತದೆ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಆ ಉತ್ತರ ಸುಳ್ಳಲ್ಲ, ಆದರೆ ಸಾಲದು. ಕೇವಲ ಅಭ್ಯಾಸವೇ ಗುರಿಯಾದರೆ ಮೋಟ್ಸಾರ್ಟನ ಕೃತಿಗಳು ಹೊಸ ಕೃತಿಗಳಿಗಿಂತ ಹೆಚ್ಚು ಹಿತಕರವೆಂದು ಕಂಠಶಿಕ್ಷಣದ ಅನುಭವವುಳ್ಳ ಯಾರಾದರೂ ಹೇಳಿಯಾರು. ಆದಕಾರಣ ಹೊಸ ಕೃತಿಯನ್ನು ಕೈಗೊಳ್ಳುವುದಕ್ಕೆ ಬೇರೊಂದು ಸಮರ್ಥನೆ ಬೇಕು. ಅದನ್ನು ತತ್ತ್ವಮಾತ್ರದಿಂದ ಚರ್ಚಿಸುವುದಕ್ಕಿಂತ ಒಂದು ನಿದರ್ಶನವನ್ನು ಹಿಡಿದು ಪರಿಶೀಲಿಸುವುದು ಮೇಲೆಂದು ನಮಗೆ ತೋರುತ್ತದೆ. ೧೯೫೫ನೆಯ ಇಸವಿ ಫೆಬ್ರವರಿ ೨೪ರಂದು ಅಮೆರಿಕದ ಫ್ಲಾರಿಡಾ ಸಂಸ್ಥಾನದ ರಾಜಧಾನಿಯಾದ ಟ್ಯಾಲಹಾಸಿ ನಗರದಲ್ಲಿ, ಅಲ್ಲಿಯ ಫ್ಲಾರಿಡಾ ರಾಜ್ಯ ವಿಶ್ವವಿದ್ಯಾನಿಲಯದ ಸಂಗೀತಶಾಲೆ ‘ಸುಸಾನಾ’ ಎಂಬ ಆಪೆರಾವನ್ನು ಮೊತ್ತಮೊದಲು ಪ್ರಯೋಗಿಸಿತು. ಕರ್ತೃ ಅದೇ ಶಾಲೆಯಲ್ಲಿ ಪಿಯಾನೊ ಕಲಿಸುತ್ತಿದ್ದ ಕಾರ್ಲೈಲ್ ಫ್ಲಾಯ್ಡ್. ಆಗ ಅವರ ವಯಸ್ಸು ೨೮.

ಆಪೆರಾ ಎಂಬ ಶಬ್ದದ ಬಗ್ಗೆ ಒಂದು ಮಾತು. ಶಿವರಾಮ ಕಾರಂತರೂ ಪು.ತಿ.ನ. ಅವರೂ ಕನ್ನಡದಲ್ಲಿ ಗೀತನಾಟಕಗಳನ್ನು ಬರೆದಿರುವುದರಿಂದ, ಆದ್ಯಂತವಾಗಿ ಹಾಡಿನಿಂದಲೇ ನಡೆಯುವ ನಾಟಕದ ಕಲ್ಪನೆ ನಮ್ಮ ವಾಚಕರಿಗೆ ಹೊಸದಲ್ಲ. ಆದರೆ ಪಾಶ್ಚಾತ್ಯ ಆಪೆರಾದಲ್ಲಿ ವಾದ್ಯವೃಂದ ಹಾಡಿಗೆ ಒತ್ತಾಸೆಯಾಗಿ ಮಾತ್ರ ನಿಲ್ಲುವುದಿಲ್ಲ. ಪಾತ್ರಗಳು ಹೇಳದ್ದನ್ನು ಅದು ಹೇಳುತ್ತದೆ. ಕೆಲವೊಮ್ಮೆ ಅವರು ಹೇಳಿದ್ದನ್ನು ಅಲ್ಲಗಳೆಯುತ್ತದೆ. ಈ ಭೇದವನ್ನು ಉಳಿಸಿಕೊಳ್ಳುವುದಕ್ಕಾಗಿ ಮೂಲ ಶಬ್ದವನ್ನೇ ಇಲ್ಲಿ ಬಳಸಿದ್ದೇವೆ.

೧

ಟ್ಯಾಲಹಾಸಿಯ ಪ್ರಯೋಗ ಪೂರ್ವನಿದರ್ಶನವಿಲ್ಲದ ಸಾಹಸವೇನಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ಕಿನಲ್ಲಿ ವಾನ್ ವಿಲಿಯಮ್ಸರ ‘ಹ್ಯೂ ದಿ ಡ್ರೋವರ್’ ೧೯೨೪ರಲ್ಲಿಯೂ ‘ರೈಡರ್ಸ್ ಟು ದಿ ಸೀ’ ೧೯೩೭ರಲ್ಲಿಯೂ ಮೊದಲ ಬಾರಿಗೆ ರಂಗ ಕಂಡವು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ ೧೯೪೧ರಲ್ಲಿ ಬ್ರಿಟನ್ನರ ‘ಪಾಲ್ ಬನಿಯನ್’, ೧೯೪೬ರಲ್ಲಿ ಮೆನೊಟ್ಟಿಯವರ ‘ದಿ ಮೀಡಿಯಂ’, ೧೯೪೭ರಲ್ಲಿ ವರ್ಜಿಲ್ ಥಾಮ್ಸನ್ನರ ‘ದಿ ಮದರ್ ಆಫ್ ಅಸ್ ಆಲ್’ ಕೃತಿಗಳಿಗೆ ಜನ್ಮಸ್ಥಳವಾಯಿತು. ಕುರ್ಟ್ ವೈಲರ ‘ಡೌನ್ ಇನ್ ದಿ ವ್ಯಾಲಿ’ ೧೯೪೮ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಪ್ರಯೋಗಗೊಂಡಿತು.

ಈ ಪಟ್ಟಿಯಲ್ಲಿ ನಮ್ಮ ಗಮನವನ್ನು ಹೆಚ್ಚಾಗಿ ಸೆಳೆಯುವುದು ಯಶಸ್ಸು ಪಡೆದ ಕೃತಿಗಳಲ್ಲ, ‘ಪಾಲ್ ಬನಿಯನ್’. ಅದು ಸೋತಿತು. ಬ್ರಿಟನ್ನರು ಅದನ್ನು ಬದಿಗಿರಿಸಿ, ಮೂವತ್ತೈದು ವರ್ಷಗಳಾದ ಮೇಲೆ, ೧೯೭೬ರಲ್ಲಿ, ಪರಿಷ್ಕರಿಸಿ ಹೊರತಂದರು. ಆದರೆ ಆ ಸೋಲಿನ ನಾಲ್ಕೇ ವರ್ಷಗಳ ಅನಂತರ ಅವರ ‘ಪೀಟರ್ ಗ್ರೈಮ್ಸ್’ ಬಂದಿತು. ಇಂಗ್ಲಿಷ್ ಆಪೆರಾದ ಚರಿತ್ರೆಯೇ ಅದರಿಂದ ಬದಲಾಯಿತು. ಮೊದಲ ಸೋಲು ಎರಡನೆಯ ಕೃತಿಗೆ ಏನನ್ನು ಕಲಿಸಿತೆಂದು ಅಳೆದು ಹೇಳುವುದು ಅಸಾಧ್ಯ. ಏನನ್ನೂ ಕಲಿಸಲಿಲ್ಲವೆಂದು ನಂಬುವುದು ಇನ್ನೂ ಕಷ್ಟ. ಫ್ಲಾಯ್ಡರ ವಿಷಯವೂ ಹೀಗೆಯೇ. ‘ಸುಸಾನಾ’ ಅವರ ಮೊದಲ ಕೃತಿಯಲ್ಲ. ‘ಸ್ಲೋ ಡಸ್ಕ್’ ಎಂಬ ಏಕಾಂಕವನ್ನು ೧೯೪೯ರಲ್ಲಿ ಸಿರಕ್ಯೂಸ್ ವಿಶ್ವವಿದ್ಯಾನಿಲಯ ಆಡಿತು. ‘ಫ್ಯುಜಿಟಿವ್ಸ್’ ಎಂಬ ಎರಡನೆಯದು ೧೯೫೧ರಲ್ಲಿ ಟ್ಯಾಲಹಾಸಿಯಲ್ಲೇ ರಂಗಕ್ಕೆ ಬಂದು ಕರ್ತೃವಿನಿಂದಲೇ ತಿರಸ್ಕೃತವಾಯಿತು. ಒಬ್ಬ ತರುಣ ಅಧ್ಯಾಪಕನ ಕೃತಿ ನಿಲ್ಲದೆ ಹೋದ ಮೇಲೆ ಅವನ ಮುಂದಿನ ಕೃತಿಯನ್ನು ನಾಲ್ಕು ವರ್ಷಗಳೊಳಗೆ ಅದೇ ಶಾಲೆ ಕೈಗೆತ್ತಿಕೊಂಡಿತೆಂಬುದು ಸಣ್ಣ ಸಂಗತಿಯಲ್ಲ. ಟಿಕೀಟಿನ ಹುಟ್ಟುವಳಿಯನ್ನು ನಂಬಿ ಬದುಕುವ ವೃತ್ತಿರಂಗಭೂಮಿ ಇಂಥ ಸೈರಣೆಯನ್ನು ತೋರಿಸಲಾರದು. ತಪ್ಪುವುದಕ್ಕೆ ಎಡೆಗೊಡುವ ಸ್ಥಳ ವಿಶ್ವವಿದ್ಯಾನಿಲಯ. ಹೊಸ ಕೃತಿಯನ್ನು ಅದು ಆಡಬೇಕೆಂಬುದಕ್ಕೆ ಇದು ಮೊದಲನೆಯ ಸಮರ್ಥನೆ.

೨

‘ಸುಸಾನಾ’ದ ವಸ್ತು ಕ್ರೈಸ್ತರ ಅಪಾಕ್ರಿಫ ಗ್ರಂಥಗಳಲ್ಲಿ ಬರುವ ಒಂದು ಸಣ್ಣ ಕಥೆ. ಬಾಬಿಲೋನಿನಲ್ಲಿ ಗೃಹಿಣಿಯೊಬ್ಬಳು ತನ್ನ ತೋಟದಲ್ಲಿ ಸ್ನಾನಕ್ಕೆ ಅಣಿಯಾಗಿರುವಾಗ ಇಬ್ಬರು ಹಿರಿಯರು ಹೊಂಚಿ ಅವಳನ್ನು ಬಲಾತ್ಕರಿಸಲು ಬರುತ್ತಾರೆ. ಅವಳು ಒಪ್ಪದಿರಲು, ಪರಪುರುಷನೊಡನೆ ಕಂಡೆವೆಂದು ಅವಳ ಮೇಲೆ ಸುಳ್ಳುಸಾಕ್ಷಿ ನುಡಿಯುತ್ತಾರೆ. ಸಭೆ ಅವಳಿಗೆ ಮರಣದಂಡನೆಯನ್ನು ವಿಧಿಸುತ್ತದೆ. ಆಗ ದಾನಿಯೇಲನೆಂಬ ಯುವಕ ಅಡ್ಡಬಂದು, ಇಬ್ಬರನ್ನೂ ಬೇರೆಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರೆಂದು ಕೇಳುತ್ತಾನೆ. ಇಬ್ಬರೂ ಬೇರೆ ಬೇರೆ ಮರಗಳನ್ನು ಹೆಸರಿಸುತ್ತಾರೆ. ಸುಳ್ಳು ಬಯಲಾಗುತ್ತದೆ, ನಿರಪರಾಧಿ ಉಳಿಯುತ್ತಾಳೆ. ಹ್ಯಾಂಡೆಲ್ ೧೭೪೯ರಲ್ಲಿ ಪ್ರಯೋಗಕ್ಕೆ ಬಂದ ತನ್ನ ಆರಟೋರಿಯೊದಲ್ಲಿ ಈ ಕಥೆಯನ್ನು ದಾನಿಯೇಲನೊಡನೆಯೇ ಉಳಿಸಿಕೊಂಡಿದ್ದಾನೆ.

ಫ್ಲಾಯ್ಡರು ತಮ್ಮ ಕೃತಿಯ ಪಠ್ಯವನ್ನೂ ತಾವೇ ರಚಿಸಿದ್ದಾರೆ. ಕಥೆಯನ್ನು ಅವರು ಟೆನೆಸೀ ಬೆಟ್ಟಸೀಮೆಯ ನ್ಯೂ ಹೋಪ್ ಎಂಬ ಕಲ್ಪಿತ ಕಣಿವೆಗೆ ತಂದರು. ಇಲ್ಲಿ ಸುಸಾನಾ ಪೋಕ್ ಎಂಬ ತಂದೆತಾಯಿಗಳಿಲ್ಲದ ಹುಡುಗಿ ಕುಡುಕನಾದ ಅಣ್ಣ ಸ್ಯಾಮನೊಡನೆ ಬಾಳುತ್ತಿದ್ದಾಳೆ. ದೀಕ್ಷಾಸ್ನಾನಕ್ಕೆ ತಕ್ಕ ಹೊಳೆಯನ್ನು ಹುಡುಕುತ್ತ ಬಂದ ನಾಲ್ವರು ಹಿರಿಯರು ಅವಳು ಸ್ನಾನಮಾಡುತ್ತಿರುವುದನ್ನು ಕಾಣುತ್ತಾರೆ. ತಮ್ಮಲ್ಲಿ ಎದ್ದ ಕಾಮವನ್ನು ಅವರು ಧರ್ಮಕೋಪವಾಗಿ ಮಾರ್ಪಡಿಸಿಕೊಳ್ಳುತ್ತಾರೆ. ಅವರಲ್ಲೊಬ್ಬನ ಮಗ, ಬುದ್ಧಿ ಬಲಿಯದ ಲಿಟ್ಲ್ ಬ್ಯಾಟ್, ತಾಯಿತಂದೆಯರ ಒತ್ತಾಯಕ್ಕೆ ಸಿಕ್ಕಿ ಅವಳು ತನ್ನನ್ನು ಕೆಡಿಸಿದಳೆಂದು ಹೇಳುತ್ತಾನೆ. ಅಷ್ಟೇ ಸಾಕ್ಷ್ಯ. ಊರು ಅವಳನ್ನು ಹೊರಗಿಡುತ್ತದೆ. ಊರಿಗೆ ಬಂದಿರುವ ಧರ್ಮಪ್ರಚಾರಕ ಆಲಿನ್ ಬ್ಲಿಚ್ ಪ್ರಾರ್ಥನಾಸಭೆಯಲ್ಲಿ ಅವಳನ್ನು ಪಶ್ಚಾತ್ತಾಪಕ್ಕೆ ಕರೆಯುತ್ತಾನೆ. ಅವಳು ಮಂತ್ರಮುಗ್ಧೆಯಂತೆ ವೇದಿಕೆಯವರೆಗೆ ನಡೆದು, ಎಚ್ಚರಗೊಂಡು ಓಡಿಹೋಗುತ್ತಾಳೆ. ಅದೇ ಇರುಳು ಬ್ಲಿಚ್ ಅವಳ ಮನೆಗೆ ಬಂದು, ಎದುರಿಸುವ ಶಕ್ತಿಯೇ ಉಳಿಯದ ಅವಳನ್ನು ಕೆಡಿಸುತ್ತಾನೆ; ಅವಳು ಕನ್ಯೆಯಾಗಿದ್ದಳೆಂಬುದು ಅವನಿಗೆ ಆಗ ತಿಳಿಯುತ್ತದೆ.

ಇಲ್ಲಿ ವಿಮರ್ಶಕರು ನಿಲ್ಲಬೇಕಾದ ಎಡೆ ಬಂದಿತು. ಮೂಲಕಥೆಯಲ್ಲಿ ಸತ್ಯ ಹೊರಬರುವುದು ಪ್ರಶ್ನೆಯಿಂದ. ಈ ಕೃತಿಯಲ್ಲಿ ಅದು ಹೊರಬರುವುದು ಅಪರಾಧದಿಂದ. ಸುಸಾನಾ ನಿರ್ದೋಷಿಯೆಂದು ಅರಿತ ಪ್ರತಿಷ್ಠಿತ ವ್ಯಕ್ತಿ ಒಬ್ಬನೇ. ಅವನು ಅದನ್ನು ಅರಿತದ್ದು ಅವಳನ್ನು ಕೆಡಿಸಿ. ಅವನು ಹಿರಿಯರ ಮುಂದೆ ಅವಳ ಪರವಾಗಿ ಬೇಡುತ್ತಾನೆ, ಆದರೆ ತನಗೆ ಇದು ಗೊತ್ತಾದ ಬಗೆಯನ್ನು ಬಾಯಿಬಿಟ್ಟು ಹೇಳಲಾರ. ಸಾಕ್ಷಿ ಇದ್ದಾನೆ, ಸಾಕ್ಷ್ಯವಿಲ್ಲ. ದಾನಿಯೇಲನ ಸ್ಥಾನವನ್ನು ಫ್ಲಾಯ್ಡರು ಬರಿದಾಗಿಯೇ ಬಿಟ್ಟಿದ್ದಾರೆ. ಕೃತಿಯ ದುರಂತವೆಲ್ಲ ಆ ಬರಿದಾದ ಸ್ಥಾನದಿಂದ ಹುಟ್ಟುತ್ತದೆಂಬುದು ನಮ್ಮ ಅಭಿಪ್ರಾಯ. ಮಹಾಭಾರತದ ದ್ಯೂತಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ಕುಲವೃದ್ಧರು ಸರಿಯಾದ ಉತ್ತರ ಕೊಡದಿದ್ದರೂ ವಿಕರ್ಣನೊಬ್ಬ ಎದ್ದು ಮಾತನಾಡಿದ. ಅವನ ಮಾತು ನಡೆಯಲಿಲ್ಲ. ಆದರೂ ಸಭೆಯ ಮಾನ ಅಷ್ಟರಮಟ್ಟಿಗೆ ಉಳಿಯಿತು. ನ್ಯೂ ಹೋಪಿನಲ್ಲಿ ವಿಕರ್ಣನೂ ಇಲ್ಲ. ಜನಕ್ಕೆ ಕೆಟ್ಟದ್ದನ್ನು ನಂಬುವುದೇ ಇಷ್ಟವೆಂದು ಬಲ್ಲ ಸ್ಯಾಮ್ ಒಬ್ಬನಿದ್ದಾನೆ. ಆದರೆ ಅವನ ತಿಳಿವಳಿಕೆ ಕಡೆಗೆ ಕೋವಿಯಲ್ಲಿ ಕೊನೆಗಾಣುತ್ತದೆ. ದೀಕ್ಷಾಸ್ನಾನದ ವೇಳೆಗೆ ಅವನು ಬ್ಲಿಚ್‌ನನ್ನು ಕೊಲ್ಲುತ್ತಾನೆ. ತನ್ನನ್ನು ಓಡಿಸಲು ಬಂದ ಗುಂಪನ್ನು ಸುಸಾನಾ ಕೋವಿ ಹಿಡಿದು ನಗುತ್ತ ಹಿಮ್ಮೆಟ್ಟಿಸುತ್ತಾಳೆ. ಒಬ್ಬನೇ ಉಳಿದ ಲಿಟ್ಲ್ ಬ್ಯಾಟನ್ನು ಹತ್ತಿರಕ್ಕೆ ಕರೆದು, ಕೆನ್ನೆಗೆ ಹೊಡೆದು ಅಟ್ಟುತ್ತಾಳೆ. ಬಾಗಿಲಲ್ಲಿ ಅವಳು ಏಕಾಕಿಯಾಗಿ ನಿಂತಿರುವಾಗ ತೆರೆ ಬೀಳುತ್ತದೆ.

ಇನ್ನೊಂದು ಮಾರ್ಪಾಡೂ ಗಮನಾರ್ಹ. ಮೂಲದ ಹಿರಿಯರು ತಾವು ಸುಳ್ಳು ಹೇಳುತ್ತಿರುವೆವೆಂದು ಬಲ್ಲರು. ಫ್ಲಾಯ್ಡರ ಹಿರಿಯರು ತಮ್ಮನ್ನು ಸಜ್ಜನರೆಂದೇ ನಂಬಿದ್ದಾರೆ. ಅರಿತು ಸುಳ್ಳಾಡುವವನನ್ನು ಪ್ರಶ್ನೆಯಿಂದ ಹಿಡಿಯಬಹುದು; ತಾನು ನಂಬಿದ್ದನ್ನೇ ಆಡುವವನನ್ನು ಹಿಡಿಯುವುದು ಬಹಳ ಕಷ್ಟ. ಆದುದರಿಂದ ದಾನಿಯೇಲ ಇಲ್ಲದಿರುವುದು ಮಾತ್ರವಲ್ಲ, ಅವನು ಬಂದಿದ್ದರೂ ಗೆಲ್ಲುತ್ತಿದ್ದನೇ ಎಂಬ ಸಂಶಯವೂ ನಮ್ಮಲ್ಲಿ ಉಳಿಯುತ್ತದೆ.

೩

ಸಂಗೀತದ ವಿಚಾರಕ್ಕೆ ಬಂದರೆ ಈ ಕೃತಿಯನ್ನು ಕ್ರಾಂತಿಕಾರಕವೆನ್ನಲು ಸಾಧ್ಯವಿಲ್ಲ. ಷೋನ್‌ಬರ್ಗ್, ಬೆರ್ಗ್ ಮುಂತಾದವರು ತೆರೆದ ದಾರಿಯನ್ನು ಫ್ಲಾಯ್ಡರು ಹಿಡಿಯಲಿಲ್ಲ. ಬೆಟ್ಟಸೀಮೆಯ ಕುಣಿತದ ಗತಿ, ಇಗರ್ಜಿಯ ಕೀರ್ತನೆಗಳ ನಡೆ, ಜನಪದಗೀತದ ಧಾಟಿ, ಇವು ಅವರ ಸಾಮಗ್ರಿ. ಮೊದಲನೆಯ ಅಂಕದಲ್ಲಿ ಸುಸಾನಾ ಇರುಳಿನ ಸೌಂದರ್ಯವನ್ನು ಕಂಡು ಕಣಿವೆಯಾಚೆಯ ಲೋಕಕ್ಕೆ ಹಂಬಲಿಸುವ ಹಾಡು, ಎರಡನೆಯ ಅಂಕದಲ್ಲಿ ಬೆಟ್ಟದ ಮರಗಳನ್ನು ಕುರಿತು ಅವಳು ಒಂಟಿಯಾಗಿ ಹಾಡಿಕೊಳ್ಳುವ ಹಾಡು, ಇವೆರಡೂ ಜನಪದದಿಂದ ಎತ್ತಿಕೊಂಡವಲ್ಲ. ಅದರ ಜೀವವನ್ನರಿತು ಕರ್ತೃ ತಾನೇ ಕಟ್ಟಿದವು. ಮೊದಲಿನದರಲ್ಲಿ ಸ್ವರ ಮೇಲೆ ಮೇಲೆ ಚಾಚುತ್ತದೆ. ಎರಡನೆಯದು ಹಳೆಯ ಲಾವಣಿಯಂತೆ ತನ್ನ ದುಃಖದ ವಲಯದೊಳಗೇ ಸುತ್ತುತ್ತದೆ. ಒಂದೇ ಹುಡುಗಿಯ ಆಶೆ ಹೇಗೆ ಮುರಿಯಿತೆಂಬುದನ್ನು ತಿಳಿಯಲು ಈ ಎರಡು ಹಾಡುಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ಕೇಳಿದರೆ ಸಾಕು.

ಕೃತಿಯ ಶಿಖರ ಎರಡನೆಯ ಅಂಕದ ಪ್ರಾರ್ಥನಾಸಭೆ. ಬ್ಲಿಚ್‌ನ ಉಪದೇಶ ಮಾತಿಗೂ ಹಾಡಿಗೂ ನಡುವೆ ತೂಗುತ್ತದೆ. ಹಿಂದೆ ಸಮೂಹ ಕೀರ್ತನೆಯನ್ನು ಎಡೆಬಿಡದೆ ಹಾಡುತ್ತ ಹೋಗುತ್ತದೆ. ಆ ಕೀರ್ತನೆಯಲ್ಲಿ ಯಾವ ದೋಷವೂ ಇಲ್ಲ, ಅದು ಮಧುರವಾಗಿದೆ. ಭಯಂಕರವಾದುದು ಅದೇ. ಮಾಧುರ್ಯವೇ ಒತ್ತಡದ ಸಾಧನವಾಗುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಆಪೆರಾ ದೃಶ್ಯಗಳು ವಿರಳ. ಫ್ಲಾಯ್ಡರು ಮೆಥಡಿಸ್ಟ್ ಪಾದ್ರಿಯ ಮಗ. ಇಂಥ ಸಭೆಗಳನ್ನು ಬಾಲ್ಯದಲ್ಲೇ ಕಂಡವರು. ಆದುದರಿಂದಲೇ ಇಲ್ಲಿ ಪರಿಹಾಸ್ಯವಿಲ್ಲ, ಒಳಗಿನವನ ಅರಿವಿದೆ.

ವಿಶ್ವವಿದ್ಯಾನಿಲಯದ ಪ್ರಯೋಗಕ್ಕೆ ಈ ಕೃತಿ ಏಕೆ ಒಪ್ಪಿತೆಂಬುದೂ ಇಲ್ಲಿಯೇ ತಿಳಿಯುತ್ತದೆ. ಪ್ರಥಮ ಪ್ರಯೋಗದ ಎರಡು ಪ್ರಧಾನ ಪಾತ್ರಗಳನ್ನು ವಹಿಸಿದವರು ವಿದ್ಯಾರ್ಥಿಗಳಲ್ಲ. ೧೯೫೪ರ ಬೇಸಗೆಯಲ್ಲಿ ಫ್ಲಾಯ್ಡರು ಆಸ್ಪೆನ್ನಿನಲ್ಲಿ ತೋರಿಸಿದ ಕೃತಿಯನ್ನು ಮೆಚ್ಚಿದ ಫಿಲಿಸ್ ಕರ್ಟಿನ್ ಸುಸಾನಾ ಆದರು. ಮ್ಯಾಕ್ ಹ್ಯಾರೆಲ್ ಬ್ಲಿಚ್ ಆದರು. ಶಾಲೆಯ ಡೀನರಾದ ಕಾರ್ಲ್ ಕರ್ಸ್ಟೈನರ್ ವಾದ್ಯವೃಂದವನ್ನು ನಡೆಸಿದರು. ಹೊರಗಿನ ಗಾಯಕರನ್ನು ಕರೆತಂದುದರಿಂದ ಇದು ಶಾಲೆಯ ಪ್ರಯೋಗವೆನ್ನಿಸೀತೆ ಎಂಬ ಆಕ್ಷೇಪಕ್ಕೆ ಎಡೆಯುಂಟು. ಆದರೆ ತರುಣ ಕಂಠಗಳ ಮೇಲೆ ಅಕಾಲದಲ್ಲಿ ಭಾರ ಹೇರುವುದು ಶಿಕ್ಷಣವಲ್ಲ. ಅಲ್ಲದೆ ಈ ಕೃತಿಯ ನಿಜವಾದ ಪ್ರತಿನಾಯಕ ಬ್ಲಿಚ್ ಅಲ್ಲ, ಊರು, ಎಂದರೆ ಸಮೂಹಗಾನ. ವಿಶ್ವವಿದ್ಯಾನಿಲಯದ ಬಳಿ ಧಾರಾಳವಾಗಿ ಇರುವುದು ಒಗ್ಗೂಡಿ ಹಾಡಬಲ್ಲ ಯುವಕ ಯುವತಿಯರು. ಒಬ್ಬೊಬ್ಬರೂ ಒಳ್ಳೆಯವರಾಗಿದ್ದು ಒಟ್ಟಾದಾಗ ಕ್ರೂರವಾಗುವುದು ಹೇಗೆಂಬುದನ್ನು ಸಮೂಹದಲ್ಲಿ ನಿಂತು ಹಾಡಿದ ವಿದ್ಯಾರ್ಥಿ ತನ್ನ ಉಸಿರಿನಿಂದಲೇ ಕಲಿಯುತ್ತಾನೆ. ಈ ಪಾಠವನ್ನು ಉಪನ್ಯಾಸದಿಂದ ಕೊಡಲಾಗದು.

ಲೋಪಗಳನ್ನೂ ಹೇಳದೆ ವಿಧಿಯಿಲ್ಲ. ಊರಿನ ಹೆಂಗಸರಲ್ಲಿ ಮಿಸೆಸ್ ಮೆಕ್ಲೇನಳನ್ನು ಬಿಟ್ಟರೆ ಯಾರಿಗೂ ಬೇರೆ ಮುಖವಿಲ್ಲ. ಒಬ್ಬಳಾದರೂ ಅನುಮಾನಿಸಿದ್ದರೆ, ಅನುಮಾನಿಸಿ ಸುಮ್ಮನಾಗಿದ್ದರೆ, ದುರಂತ ಇನ್ನೂ ಆಳವಾಗುತ್ತಿತ್ತು. ಬ್ಲಿಚ್‌ನ ಪಶ್ಚಾತ್ತಾಪಕ್ಕೆ ದೊರೆತ ಸಂಗೀತ ಸುಸಾನಾಳ ಯಾತನೆಗೆ ದೊರೆತದ್ದಕ್ಕಿಂತ ಒಂದೊಂದೆಡೆ ಹೆಚ್ಚು ಭವ್ಯವಾಗಿದೆ. ಔಚಿತ್ಯದ ದೃಷ್ಟಿಯಿಂದ ಇದು ಒಪ್ಪತಕ್ಕದ್ದಲ್ಲ. ಹಾಗಿದ್ದರೂ ಕಡೆಯ ದೃಶ್ಯದಲ್ಲಿ ಕರ್ತೃ ಕರುಣರಸಕ್ಕೆ ಸುಲಭವಾಗಿ ಶರಣಾಗಲಿಲ್ಲ. ಅನ್ಯಾಯಕ್ಕೊಳಗಾದವಳು ಸಾಧ್ವಿಯಾಗಿಯೇ ಉಳಿಯುತ್ತಾಳೆಂಬ ಹಿತವಾದ ಸುಳ್ಳನ್ನು ಅವರು ಹೇಳುವುದಿಲ್ಲ. ಊರು ಅವಳನ್ನು ಏನೆಂದು ಕರೆಯಿತೋ ಅದರ ಕಾಠಿಣ್ಯದ ಒಂದಂಶ ಅವಳೊಳಗೆ ಇಳಿದುಬಿಟ್ಟಿದೆ.

೪

ಕೃತಿ ರಚನೆಯಾದ ಕಾಲವನ್ನು ಮರೆತು ಇದನ್ನು ಓದುವುದು ಅಸಾಧ್ಯ. ಸೆನೆಟರ್ ಜೋಸೆಫ್ ಮೆಕಾರ್ಥಿಯ ಹೆಸರಿಗೆ ಅಂಟಿಕೊಂಡ ಆರೋಪಗಳ ಯುಗ ಅದು. ಅಮೆರಿಕದ ಸೆನೆಟ್ ಅವನನ್ನು ಖಂಡಿಸಿದ್ದು ೧೯೫೪ರ ಡಿಸೆಂಬರ್ ೨ರಂದು. ‘ಸುಸಾನಾ’ ರಂಗವೇರಿದ್ದು ಅದಾದ ಮೂರು ತಿಂಗಳೊಳಗೆ. ಆ ದಿನಗಳ ಭೀತಿ ತಮ್ಮ ಕೃತಿಯ ಮೇಲೆ ಪ್ರಭಾವ ಬೀರಿತೆಂದು ಫ್ಲಾಯ್ಡರೂ ಮುಂದೆ ಹೇಳಿದ್ದಾರೆ. ಆರೋಪವೇ ರುಜುವಾತಾಗುವ ಸ್ಥಿತಿಯನ್ನು ಅವರು ಬೆಟ್ಟಸೀಮೆಯ ಕಥೆಯಾಗಿ ಹೇಳಿದರು.

ಆದರೆ ನಮ್ಮ ಪ್ರಶ್ನೆ ಕರ್ತೃವನ್ನು ಕುರಿತದ್ದಲ್ಲ, ಸಂಸ್ಥೆಯನ್ನು ಕುರಿತದ್ದು. ಸಾಕ್ಷಿಗಳನ್ನು ಬೇರೆಬೇರೆಯಾಗಿ ನಿಲ್ಲಿಸಿ ಕೇಳುವುದು, ಎಲ್ಲರೂ ಒಪ್ಪಿದ್ದನ್ನು ಒಪ್ಪುವ ಮುನ್ನ ಆಧಾರವನ್ನು ಬೇಡುವುದು, ಇದು ದಾನಿಯೇಲನ ಕೆಲಸ. ವಿಶ್ವವಿದ್ಯಾನಿಲಯದ ಕೆಲಸವೂ ಇದೇ. ಹಾಗಾದರೆ ದಾನಿಯೇಲನಿಲ್ಲದ ಕಥೆಯನ್ನು ಆಡಿದ ವಿಶ್ವವಿದ್ಯಾನಿಲಯದ ಸುತ್ತ ಏನು ನಡೆಯಿತು? ೧೯೫೬ರಲ್ಲಿ, ಪ್ರಯೋಗದ ಮರುವರ್ಷವೇ, ಫ್ಲಾರಿಡಾ ಶಾಸನಸಭೆ ಒಂದು ತನಿಖಾ ಸಮಿತಿಯನ್ನು ರಚಿಸಿತು. ಚಾರ್ಲಿ ಜಾನ್ಸ್ ಎಂಬ ಸೆನೆಟರನ ಹೆಸರಿನಿಂದ ಪ್ರಸಿದ್ಧವಾದ ಆ ಸಮಿತಿ ಮೊದಲು ಕಪ್ಪುಜನರ ಹಕ್ಕುಗಳ ಹೋರಾಟಗಾರರನ್ನು ಬೆನ್ನಟ್ಟಿತು. ಬಳಿಕ ಸಲಿಂಗಪ್ರೇಮದ ಆರೋಪ ಹೊರಿಸಿ ಸಂಸ್ಥಾನದ ಶಾಲೆಗಳ, ವಿಶ್ವವಿದ್ಯಾನಿಲಯಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಮುಚ್ಚಿದ ಕೋಣೆಗಳಲ್ಲಿ ವಿಚಾರಿಸಿತು. ಟ್ಯಾಲಹಾಸಿಯ ವಿಶ್ವವಿದ್ಯಾನಿಲಯವೂ ಅದರ ವ್ಯಾಪ್ತಿಯಿಂದ ಹೊರಗುಳಿಯಲಿಲ್ಲ. ೧೯೬೫ರಲ್ಲಿ ಸಮಿತಿ ಕೊನೆಗಾಣುವ ವೇಳೆಗೆ ಅನೇಕರು ಕೆಲಸ ಕಳೆದುಕೊಂಡಿದ್ದರು. ಇದಲ್ಲದೆ, ನಿರಪರಾಧಿಯೊಬ್ಬಳನ್ನು ಊರು ಹೊರಗಿಟ್ಟ ಕಥೆಯನ್ನು ಆಡಿದ ಆ ವಿಶ್ವವಿದ್ಯಾನಿಲಯವೇ ೧೯೬೨ರವರೆಗೆ ಕಪ್ಪು ವಿದ್ಯಾರ್ಥಿಗಳನ್ನು ಹೊರಗಿಟ್ಟಿತ್ತು. ಅದೇ ಊರಿನಲ್ಲಿ ಕಪ್ಪುಜನರಿಗೆಂದು ಬೇರೆ ವಿಶ್ವವಿದ್ಯಾನಿಲಯವಿತ್ತು. ಅಲ್ಲಿಯ ವಿದ್ಯಾರ್ಥಿಗಳಿಂದಲೇ ೧೯೫೬ರ ಮೇ ತಿಂಗಳಲ್ಲಿ ನಗರದ ಬಸ್ಸುಗಳ ಬಹಿಷ್ಕಾರ ಆರಂಭವಾಯಿತು.

ಇದನ್ನು ಹೇಳುವುದು ಆ ಶಾಲೆಯನ್ನು ಹಳಿಯುವುದಕ್ಕಲ್ಲ. ರಂಗದ ಮೇಲೆ ಹೇಳಿದ ಸತ್ಯ ಆಡಳಿತದ ಕೊಠಡಿಗೆ ತಾನಾಗಿ ನಡೆದುಹೋಗುವುದಿಲ್ಲ ಎಂಬುದಷ್ಟೇ ನಮ್ಮ ಅಭಿಪ್ರಾಯ. ಆದರೂ ಹೇಳಿದ್ದು ವ್ಯರ್ಥವೆಂದು ಭಾವಿಸಲಾಗದು. ಹಳೆಯ ಕೃತಿಯನ್ನು ಆಡುವ ಶಾಲೆ ತನ್ನನ್ನು ಪ್ರೇಕ್ಷಕನ ಸ್ಥಾನದಲ್ಲಿ ಇಟ್ಟುಕೊಳ್ಳಬಹುದು. ತನ್ನ ಕಾಲದ ಕೃತಿಯನ್ನು ಆಡುವ ಶಾಲೆ ತನ್ನನ್ನೇ ಸಾಕ್ಷಿಕಟ್ಟೆಗೆ ಏರಿಸಿಕೊಳ್ಳುತ್ತದೆ. ೧೯೫೫ರಲ್ಲಿ ಆಡಿದ ಮಾತಿನಿಂದಲೇ ಅದರ ಮುಂದಿನ ವರ್ಷಗಳನ್ನು ನಾವು ಅಳೆಯಲು ಸಾಧ್ಯವಾಗಿದೆ. ತನ್ನನ್ನು ಅಳೆಯುವ ಕೋಲನ್ನು ತಾನೇ ಕೊಡುವ ಸಂಸ್ಥೆ ಗೌರವಾರ್ಹವಾದುದು. ಹೊಸ ಕೃತಿಯ ಪ್ರಯೋಗಕ್ಕೆ ಇದು ಎರಡನೆಯ ಸಮರ್ಥನೆ, ನಮ್ಮ ಎಣಿಕೆಯಲ್ಲಿ ಹೆಚ್ಚಿನ ಸಮರ್ಥನೆ.

ಕೃತಿಯ ಮುಂದಿನ ಚರಿತ್ರೆ ಸುಪ್ರಸಿದ್ಧ. ೧೯೫೬ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಸಿಟಿ ಆಪೆರಾ ಅದನ್ನು ಆಡಿತು. ನ್ಯೂಯಾರ್ಕಿನ ಸಂಗೀತ ವಿಮರ್ಶಕರ ಮಂಡಲಿಯ ಪ್ರಶಸ್ತಿ ಬಂದಿತು. ೧೯೫೮ರಲ್ಲಿ ಬ್ರಸೆಲ್ಸ್ ವಿಶ್ವಪ್ರದರ್ಶನದಲ್ಲಿ ಅಮೆರಿಕದ ಪರವಾಗಿ ಪ್ರಯೋಗಗೊಂಡಿತು. ಮೆಟ್ರಪಾಲಿಟನ್ ಆಪೆರಾ ತನ್ನ ರಂಗಕ್ಕೆ ತಂದುಕೊಳ್ಳಲು ಮಾತ್ರ ೧೯೯೯ರವರೆಗೆ, ಎಂದರೆ ನಲವತ್ತನಾಲ್ಕು ವರ್ಷ, ತಡಮಾಡಿತು. ಫ್ಲಾಯ್ಡರು ೨೦೨೧ರಲ್ಲಿ ಟ್ಯಾಲಹಾಸಿಯಲ್ಲೇ ತೀರಿಕೊಂಡರು. ಇಂದು ‘ಸುಸಾನಾ’ ಅಮೆರಿಕದ ಸಂಗೀತಶಾಲೆಗಳಲ್ಲಿ ಪದೇ ಪದೇ ಆಡಲ್ಪಡುವ ಕೃತಿ. ಇದು ಸಂತೋಷದ ಸಂಗತಿ. ಇದರಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಈಗ ‘ಸುಸಾನಾ’ವನ್ನು ಆಡುವ ಶಾಲೆ ೧೯೫೫ರಲ್ಲಿ ಟ್ಯಾಲಹಾಸಿ ಮಾಡಿದ್ದನ್ನು ಮಾಡುತ್ತಿಲ್ಲ. ಆ ಕೃತಿ ಈಗ ಪರೀಕ್ಷಿತವಾದದ್ದು. ಅದನ್ನು ಆಡುವುದರಲ್ಲಿ ಅಪಾಯವಿಲ್ಲ. ಟ್ಯಾಲಹಾಸಿಯನ್ನು ಅನುಸರಿಸಬೇಕೆನ್ನುವವರು ಆ ಕೃತಿಯನ್ನಲ್ಲ, ಆ ಕಾರ್ಯವನ್ನು ಅನುಸರಿಸಬೇಕು.

ನಮ್ಮ ಕಾಲೇಜುಗಳಲ್ಲಿ ಸಂಗೀತವನ್ನೂ ನಾಟಕವನ್ನೂ ಕಲಿಸುವವರಿಗೆ ಈ ನಿದರ್ಶನ ದೂರದ್ದೆಂದು ತೋರಬಹುದು. ಆದರೆ ಪ್ರಶ್ನೆ ದೂರದ್ದಲ್ಲ. ಪೂರ್ವಸೂರಿಗಳ ಕೃತಿಗಳನ್ನು ಶುದ್ಧವಾಗಿ ಒಪ್ಪಿಸುವುದು ನಮ್ಮ ಕರ್ತವ್ಯದ ಅರ್ಧ. ಅದನ್ನು ನಾವು ಶ್ರದ್ಧೆಯಿಂದ ಮಾಡುತ್ತ ಬಂದಿದ್ದೇವೆ. ಪಕ್ಕದ ಕೊಠಡಿಯಲ್ಲಿ ಪಾಠ ಹೇಳುತ್ತಿರುವ ತರುಣ ಅಧ್ಯಾಪಕನೊಬ್ಬ ತನ್ನ ಮೂರನೆಯ ಕೃತಿಯನ್ನು, ಎರಡನೆಯದು ಸೋತ ಬಳಿಕ, ನಮ್ಮ ಮುಂದೆ ತಂದಿಟ್ಟರೆ ನಾವು ಏನು ಮಾಡುವೆವು? ಅದರಲ್ಲಿ ನಮ್ಮ ಊರಿನ ಮುಖವೇ ಕಂಡರೆ ಏನು ಮಾಡುವೆವು? ಉಳಿದರ್ಧ ಕರ್ತವ್ಯ ಆ ಪ್ರಶ್ನೆಗಳಿಗೆ ನಾವು ಕೊಡುವ ಉತ್ತರದಲ್ಲಿದೆ.